ತುಕ್ಕು ತೆಗೆಯುವ ಬ್ಲಾಸ್ಟಿಂಗ್, ಬಲ ಕೊಡುವ ಪೀನಿಂಗ್

ಮಲೆನಾಡಿನ ಮಳೆಯಲ್ಲಿ ಕಬ್ಬಿಣದ ಸಾಮಾನನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಪಲ್ಪರ್ ಮನೆಯ ಕಂಬ, ಪಂಪಿನ ಚೌಕಟ್ಟು, ನೀರಿನ ಟ್ಯಾಂಕು, ಗೋದಾಮಿನ ಆಂಗಲ್, ಜೀಪಿನ ಅಡಿಭಾಗ ಇವೆಲ್ಲಕ್ಕೂ ವರ್ಷವರ್ಷವೂ ಬಣ್ಣ ಬಳಿಸುತ್ತೇವೆ. ಆಷಾಢ ಕಳೆಯುವಷ್ಟರಲ್ಲಿ ಬಣ್ಣ ಹೊಪ್ಪಳೆ ಎದ್ದು ಅಡಿಯಿಂದ ತುಕ್ಕು ಇಣುಕುತ್ತದೆ. ಬಣ್ಣದ ಹಣವೂ ಹೋಯಿತು, ಆಳಿನ ಕೂಲಿಯೂ ಹೋಯಿತು.

ಇಂಥ ಸಂದರ್ಭದಲ್ಲಿ "ಬ್ಲಾಸ್ಟಿಂಗ್ ಮಾಡಿಸಿಬಿಡಿ, ಕಬ್ಬಿಣ ಹೊಸದಾಗುತ್ತದೆ" ಎಂಬ ಸಲಹೆ ಪೇಟೆಯ ವರ್ಕ್‌ಶಾಪುಗಳಲ್ಲಿ ಸಿಗುತ್ತದೆ. ಜೀಪಿನ ಸ್ಪ್ರಿಂಗ್ ಪ್ಲೇಟಿಗೂ ಇದನ್ನೇ ಮಾಡಿದರೆ ಬಲ ಬರುತ್ತದೆಂದು ಹೇಳುವವರೂ ಇದ್ದಾರೆ. ಈ ಮಾತುಗಳಲ್ಲಿ ನಿಜವೂ ಇದೆ, ತಪ್ಪು ತಿಳಿವಳಿಕೆಯೂ ಇದೆ. ಲೋಹದ ಮೈಗೆ ವೇಗವಾಗಿ ಕಾಳು ಬಡಿಸುವ ಕೆಲಸ ಎರಡು ಬಗೆಯದು. ಒಂದು, ತುಕ್ಕು ತೆಗೆದು ಬಣ್ಣಕ್ಕೆ ಅಣಿಮಾಡುವ ಬ್ಲಾಸ್ಟಿಂಗ್. ಇನ್ನೊಂದು, ಲೋಹವು ಬಿರುಕು ಬಿಡದಂತೆ ಬಲಪಡಿಸುವ ಶಾಟ್ ಪೀನಿಂಗ್. ಎರಡೂ ನೋಡಲು ಒಂದೇ ತರಹ ಕಂಡರೂ ಉದ್ದೇಶ ಬೇರೆ. ಇವುಗಳ ಭೇದವನ್ನು ತಿಳಿಯದೆ ಕೆಲಸ ಮಾಡಿಸಿದರೆ ಹಣ ನಷ್ಟವಾಗುವುದಲ್ಲದೆ ಜೀವಕ್ಕೂ ಅಪಾಯ ಬರಬಹುದು.

ಬಣ್ಣ ಏಕೆ ನಿಲ್ಲುವುದಿಲ್ಲ?

ಸಡಿಲವಾದ ತುಕ್ಕಿನ ಮೇಲೆ ಬಣ್ಣ ಬಳಿದರೆ ಅದು ಕಬ್ಬಿಣಕ್ಕೆ ಅಂಟದೆ ತುಕ್ಕಿಗೆ ಅಂಟುತ್ತದೆ. ತುಕ್ಕಿನಲ್ಲಿ ತೇವ ಅಡಗಿರುವುದರಿಂದ ಬಣ್ಣದ ಕೆಳಗೆ ಅದು ಬೆಳೆಯುತ್ತಲೇ ಇರುತ್ತದೆ. ಇದು ಎಲ್ಲರಿಗೂ ತಿಳಿದ ಸಂಗತಿ.

ಆದರೆ ಅಂಗಡಿಯಿಂದ ಆಗತಾನೇ ತಂದ ಹೊಸ ಆಂಗಲ್ಲಿಗೆ ಬಳಿದ ಬಣ್ಣವೂ ಎರಡೇ ವರ್ಷದಲ್ಲಿ ಏಳುವುದುಂಟು. ಇದಕ್ಕೆ ಕಾರಣ ಹೊಸ ಕಬ್ಬಿಣದ ಮೇಲಿರುವ ನೀಲಿಗಪ್ಪು ಪೊರೆ. ಉಕ್ಕನ್ನು ಕೆಂಪಗೆ ಕಾಯಿಸಿ ರೋಲರುಗಳ ನಡುವೆ ಎಳೆಯುವಾಗ ಈ ಪೊರೆ ಉಂಟಾಗುತ್ತದೆ. ಕಣ್ಣಿಗೆ ನಯವಾಗಿ, ಗಟ್ಟಿಯಾಗಿ ಕಂಡರೂ ಅದು ಗಾಜಿನಂತೆ ಒಡೆಯುವಂಥದು. ಬಿಸಿಲು ಚಳಿಗಳಿಗೆ ಉಕ್ಕು ಹಿಗ್ಗಿ ಕುಗ್ಗುವಾಗ ಪೊರೆ ಸೀಳುತ್ತದೆ. ಸೀಳಿನಲ್ಲಿ ನೀರು ಇಳಿದರೆ ಪೊರೆಯೂ ಉಕ್ಕೂ ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸಿ ಉಕ್ಕು ಇನ್ನೂ ಬೇಗ ಸವೆಯುತ್ತದೆ. ಕೊನೆಗೆ ಪೊರೆ ಏಳುವಾಗ ಮೇಲಿನ ಬಣ್ಣವೂ ಅದರೊಡನೆಯೇ ಏಳುತ್ತದೆ. ವೈರ್ ಬ್ರಷ್ಷಿನಿಂದ ಎಷ್ಟು ಉಜ್ಜಿದರೂ ಈ ಪೊರೆ ಹೋಗುವುದಿಲ್ಲ, ಇನ್ನಷ್ಟು ಹೊಳಪು ಬರುತ್ತದೆ ಅಷ್ಟೆ.

ಇನ್ನೊಂದು ಕಾರಣವೂ ಇದೆ. ಗಾರೆ ಮೇಸ್ತ್ರಿ ಹಳೆಯ ಗೋಡೆಗೆ ಹೊಸ ಗಾರೆ ಮೆತ್ತುವ ಮುನ್ನ ಉಳಿಯಿಂದ ಕಚ್ಚು ಮಾಡುತ್ತಾನೆ. ಕಚ್ಚಿಲ್ಲದ ನಯವಾದ ಗೋಡೆ ಗಾರೆಯನ್ನು ಹಿಡಿಯುವುದಿಲ್ಲ. ಬಣ್ಣಕ್ಕೂ ಅಂಥ ಕಚ್ಚು ಬೇಕು.

ಬ್ಲಾಸ್ಟಿಂಗ್ ಎಂದರೇನು?

ಗಟ್ಟಿಯಾದ ಕಾಳನ್ನು ಗಾಳಿಯ ಒತ್ತಡದಿಂದಲೋ ತಿರುಗುವ ಚಕ್ರದಿಂದಲೋ ಲೋಹದ ಮೇಲೆ ರಭಸವಾಗಿ ಎರಚುವುದೇ ಬ್ಲಾಸ್ಟಿಂಗ್. ಕಾಳಿನ ಪೆಟ್ಟಿಗೆ ತುಕ್ಕು, ಹಳೆಯ ಬಣ್ಣ, ನೀಲಿಗಪ್ಪು ಪೊರೆ ಎಲ್ಲವೂ ಸಿಡಿದು ಹೋಗುತ್ತವೆ. ಜೊತೆಗೆ ಲೋಹದ ಮೈ ತುಂಬ ಸಣ್ಣ ಸಣ್ಣ ಕಚ್ಚುಗಳಾಗುತ್ತವೆ. ಸಾಮಾನ್ಯವಾಗಿ ಈ ಕಚ್ಚು 40ರಿಂದ 75 ಮೈಕ್ರಾನ್ ಆಳವಿರುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಕಣ್ಣಿಗೆ ಕಾಣದಿದ್ದರೂ ಉಗುರಿನಿಂದ ಗೀರಿದರೆ ತಿಳಿಯುತ್ತದೆ.

ಅಮೆರಿಕದ ಬೆಂಜಮಿನ್ ಟಿಲ್ಗಮನ್ ಎಂಬಾತ 1870ರಲ್ಲಿ ಮರಳನ್ನು ಎರಚುವ ಈ ವಿಧಾನಕ್ಕೆ ಪೇಟೆಂಟ್ ಪಡೆದನು. ಹಾಗಾಗಿ ಇದಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ ಎಂಬ ಹೆಸರು ಬಂತು. ಆದರೆ ಈಗ ಬಳಸಬೇಕಾದ ಕಾಳು ಮರಳಲ್ಲ. ಕೋವಿಯ ಚರೆಯಂತೆ ದುಂಡಗಿರುವ ಉಕ್ಕಿನ ಶಾಟ್, ಮೂಲೆಗಳುಳ್ಳ ನುಚ್ಚಿನಂಥ ಉಕ್ಕಿನ ಗ್ರಿಟ್, ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟದ ಪುಡಿ, ಗಾರ್ನೆಟ್ ಕಲ್ಲಿನ ಪುಡಿ ಇವು ಬಳಕೆಯಲ್ಲಿವೆ. ದುಂಡು ಚರೆ ಲೋಹವನ್ನು ತಗ್ಗಿಸುತ್ತದೆ, ಮೂಲೆಯ ನುಚ್ಚು ಕೊರೆಯುತ್ತದೆ. ಬಣ್ಣ ಹಿಡಿಯಲು ನುಚ್ಚಿನ ಕಚ್ಚೇ ಮೇಲು.

ಗಾಳಿಯ ಬ್ಲಾಸ್ಟಿಂಗಿಗೆ ಸಣ್ಣ ಕಂಪ್ರೆಸರ್ ಸಾಲದು. ನಳಿಗೆಯ ತೂತು 6 ಮಿಲಿಮೀಟರ್ ಇದ್ದು, ಒತ್ತಡ ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಇದ್ದರೆ ನಿಮಿಷಕ್ಕೆ ಸುಮಾರು 80 ಘನ ಅಡಿ ಗಾಳಿ ಬೇಕು. ಇದಕ್ಕೆ ಸುಮಾರು 20 ಅಶ್ವಶಕ್ತಿಯ ಕಂಪ್ರೆಸರ್ ಅವಶ್ಯ. ಟೈರಿಗೆ ಗಾಳಿ ತುಂಬುವ 3 ಅಶ್ವಶಕ್ತಿಯ ಯಂತ್ರದಿಂದ ತೋಟದಲ್ಲೇ ಮಾಡಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಆ ಕೆಲಸ ಸರಿಯಾಗಿ ಆಗದೆಂದು ತಿಳಿಯಿರಿ.

ಎಷ್ಟು ಶುಚಿಯಾದರೆ ಸಾಕು?

ಸ್ವೀಡನ್ ದೇಶದವರು ಚಿತ್ರಗಳ ಸಹಾಯದಿಂದ ಶುಚಿಯ ದರ್ಜೆಗಳನ್ನು ಗೊತ್ತುಮಾಡಿದ್ದರು. 1988ರಲ್ಲಿ ಅದೇ ಅಂತರರಾಷ್ಟ್ರೀಯ ಮಾನಕವಾಯಿತು. ಬ್ಲಾಸ್ಟಿಂಗಿಗೆ ಎಸ್‌ಎ 1, ಎಸ್‌ಎ 2, ಎಸ್‌ಎ 2½, ಎಸ್‌ಎ 3 ಎಂಬ ನಾಲ್ಕು ದರ್ಜೆಗಳಿವೆ. ಎಸ್‌ಎ 1 ಎಂದರೆ ಸಡಿಲವಾದ ತುಕ್ಕು ಮಾತ್ರ ಹೋಗಿದೆ ಎಂದರ್ಥ. ಎಸ್‌ಎ 3 ಎಂದರೆ ಒಂದು ಕಲೆಯೂ ಇಲ್ಲದ ಬಿಳಿ ಲೋಹ. ಎಸ್‌ಎ 2½ ದರ್ಜೆಯಲ್ಲಿ ಎಲ್ಲವೂ ಹೋಗಿ ಅಲ್ಲಲ್ಲಿ ತೆಳುವಾದ ನೆರಳಿನಂಥ ಕಲೆ ಮಾತ್ರ ಉಳಿದಿರುತ್ತದೆ. ನೀರಿನ ಟ್ಯಾಂಕಿಗಾಗಲಿ ಮಳೆಗೆ ತೆರೆದ ಕಂಬಕ್ಕಾಗಲಿ ಈ ದರ್ಜೆ ಸಾಕು. ಕೆಲಸ ಒಪ್ಪಿಸುವಾಗ "ಚೆನ್ನಾಗಿ ಮಾಡಿ" ಎನ್ನುವುದರ ಬದಲು ದರ್ಜೆಯನ್ನು ಹೆಸರಿಸಿ ಚೀಟಿಯಲ್ಲಿ ಬರೆಸಿಕೊಂಡರೆ ಆಮೇಲೆ ವಾದಕ್ಕೆ ಎಡೆಯಿರುವುದಿಲ್ಲ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಎಲ್ಲಕ್ಕೂ ಬ್ಲಾಸ್ಟಿಂಗ್ ಬೇಕಾಗಿಲ್ಲ. ತೋಟದ ಗೇಟು, ಕಿಟಕಿಯ ಸರಳು ಮೊದಲಾದ ಕೈಗೆಟಕುವ ವಸ್ತುಗಳಿಗೆ ವೈರ್ ಬ್ರಷ್, ಎಮರಿ ಕಾಗದ ಮತ್ತು ಒಳ್ಳೆಯ ಪ್ರೈಮರ್ ಸಾಕು. ವರ್ಷಕ್ಕೊಮ್ಮೆ ನೋಡಿಕೊಳ್ಳುವ ವಸ್ತುವಿಗೆ ಹೆಚ್ಚು ಖರ್ಚು ಸಲ್ಲದು. ಮತ್ತೆ ಮತ್ತೆ ಬಣ್ಣ ಬಳಿಯಲು ಆಗದಂಥ ಗೋದಾಮಿನ ಎತ್ತರದ ಟ್ರಸ್, ಟ್ಯಾಂಕಿನ ಒಳಮೈ, ನೆಲದಲ್ಲಿ ಹೂಳುವ ಪೈಪು ಇವಕ್ಕೆ ಬ್ಲಾಸ್ಟಿಂಗ್ ಮಾಡಿಸಿದರೆ ಹಾಕಿದ ಹಣ ಹಿಂದಕ್ಕೆ ಬರುತ್ತದೆ. ಟ್ರಸ್ಸನ್ನು ಮೇಲೇರಿಸುವ ಮುನ್ನವೇ ಈ ಕೆಲಸ ಮುಗಿಸಬೇಕು.

ಕೆಲವಕ್ಕೆ ಬ್ಲಾಸ್ಟಿಂಗ್ ಮಾಡಿಸಲೇಬಾರದು. ಪಲ್ಪರ್ ಡ್ರಮ್ಮಿನ ಉಬ್ಬು ತಗಡಿಗೆ ಕಾಳು ಬಡಿದರೆ ಉಬ್ಬುಗಳ ಅಂಚು ಕೆಟ್ಟು ಹಣ್ಣಿನ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಬೀಜಕ್ಕೂ ಪೆಟ್ಟು ಬೀಳುತ್ತದೆ. ಅಡಿಕೆ ಬೇಯಿಸುವ ತಾಮ್ರದ ಹಂಡೆಗೆ ಹುಣಸೆಹಣ್ಣೇ ಸಾಕು. ಬೇರಿಂಗ್ ಇರುವ ಯಾವ ಭಾಗವನ್ನೂ ಬಿಚ್ಚದೆ ಕೊಡಬಾರದು. ಒಂದು ಚಿಟಿಕೆ ಕಾಳು ಒಳಹೊಕ್ಕರೂ ಬೇರಿಂಗ್ ಹಾಳಾಗುತ್ತದೆ. ತೆಳು ತಗಡಿನ ಹಾಪರ್, ಟ್ರೇ ಮುಂತಾದವನ್ನು ದಪ್ಪ ಕಾಳಿನಿಂದ ಹೊಡೆಸಿದರೆ ಅವು ಸೊಟ್ಟಗಾಗುತ್ತವೆ. ಹೀಗೆ ಸೊಟ್ಟಗಾಗುವುದರಲ್ಲೇ ಶಾಟ್ ಪೀನಿಂಗಿನ ಗುಟ್ಟು ಅಡಗಿದೆ.

ಶಾಟ್ ಪೀನಿಂಗ್: ಬಲ ಬರುವುದು ಹೇಗೆ?

ವರ್ಕ್‌ಶಾಪಿನಲ್ಲಿ ಬಳಸುವ ಬಾಲ್ ಪೀನ್ ಸುತ್ತಿಗೆಗೆ ಒಂದು ಕಡೆ ದುಂಡು ತಲೆ ಇರುತ್ತದೆ. ಆ ತಲೆಯಿಂದ ತಟ್ಟುವುದೇ ಪೀನಿಂಗ್. ಒಂದು ಸುತ್ತಿಗೆಯ ಬದಲು ಸಾವಿರಾರು ಉಕ್ಕಿನ ಚರೆಗಳಿಂದ ತಟ್ಟಿದರೆ ಅದು ಶಾಟ್ ಪೀನಿಂಗ್. ಇಲ್ಲಿ ಮೂಲೆಯ ನುಚ್ಚು ನಿಷಿದ್ಧ, ದುಂಡು ಚರೆಯೇ ಆಗಬೇಕು.

1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿದ್ದ ಜಾನ್ ಆಲ್ಮೆನ್ ಎಂಬ ಎಂಜಿನಿಯರ್, ಚರೆ ಬಡಿಸಿದ ತಗಡು ಒಂದು ಕಡೆಗೆ ಬಾಗುವುದನ್ನು ಗಮನಿಸಿದರು. ಅಡಿಕೆ ಹಾಳೆಯನ್ನು ಬಿಸಿಲಿಗೆ ಹಾಕಿದರೆ ಒಂದು ಮೈ ಹೆಚ್ಚು ಕುಗ್ಗಿ ಹಾಳೆ ಸುರುಳಿಕೊಳ್ಳುವುದಿಲ್ಲವೇ? ಇಲ್ಲಿ ಅದಕ್ಕೆ ವಿರುದ್ಧ. ಪೆಟ್ಟು ತಿಂದ ಮೈ ಹಿಗ್ಗುವುದರಿಂದ ತಗಡು ಆ ಕಡೆಗೆ ಉಬ್ಬುತ್ತದೆ. ಆಲ್ಮೆನ್ ಇದನ್ನೇ ಅಳತೆಗೋಲಾಗಿ ಮಾಡಿಕೊಂಡರು. 76 ಮಿಲಿಮೀಟರ್ ಉದ್ದ, 19 ಮಿಲಿಮೀಟರ್ ಅಗಲದ ಸ್ಪ್ರಿಂಗ್ ಉಕ್ಕಿನ ಪಟ್ಟಿಗೆ ಒಂದು ಮೈಯಲ್ಲಿ ಮಾತ್ರ ಚರೆ ಬಡಿಸಿ, ಅದು ಎಷ್ಟು ಬಾಗಿತೆಂದು ಅಳೆದರೆ ಪೆಟ್ಟಿನ ತೀವ್ರತೆ ತಿಳಿಯುತ್ತದೆ. ಇಂದಿಗೂ ಕಾರ್ಖಾನೆಗಳಲ್ಲಿ ಆಲ್ಮೆನ್ ಪಟ್ಟಿಯೇ ಬಳಕೆಯಲ್ಲಿದೆ.

ದಪ್ಪನಾದ ಪ್ಲೇಟು ಹೀಗೆ ಸುಲಭವಾಗಿ ಬಾಗುವುದಿಲ್ಲ. ಮೇಲಿನ ಪದರ ಹಿಗ್ಗಲು ಹವಣಿಸುತ್ತದೆ, ಕೆಳಗಿನ ಲೋಹ ಅದಕ್ಕೆ ಎಡೆ ಕೊಡುವುದಿಲ್ಲ. ಆದ್ದರಿಂದ ಅರ್ಧ ಮಿಲಿಮೀಟರಿಗಿಂತ ಕಡಮೆ ದಪ್ಪದ ಮೇಲ್ಪದರವು ಸದಾ ಅದುಮಿದ ಸ್ಥಿತಿಯಲ್ಲಿ ಉಳಿಯುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸಿ ನೀರು ಹೊಯ್ದರೆ, ಪಟ್ಟಿ ಕುಗ್ಗಿ ಮರದ ಕೀಲುಗಳನ್ನೆಲ್ಲ ಅದುಮಿ ಹಿಡಿಯುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅದುಮಿ ಹಿಡಿದ ಕೀಲು ಸಡಿಲವಾಗುವುದಿಲ್ಲ. ಹಾಗೆಯೇ ಅದುಮಿ ಹಿಡಿದ ಮೇಲ್ಮೈಯಲ್ಲಿ ಬಿರುಕು ಬಾಯಿ ಬಿಡುವುದಿಲ್ಲ.

ಪದೇ ಪದೇ ಬಾಗಿ ನೆಟ್ಟಗಾಗುವ ಲೋಹ, ಹೊರೆ ಮಿತಿಯೊಳಗಿದ್ದರೂ ಒಂದು ದಿನ ಮುರಿಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ದಣಿವಿನ ಬಿರುಕು ಬಹುಮಟ್ಟಿಗೆ ಮೇಲ್ಮೈಯಲ್ಲೇ, ಎಳೆತವಿರುವ ಕಡೆ ಹುಟ್ಟುತ್ತದೆ. ಎಂಜಿನ್ನಿನ ವಾಲ್ವ್ ಸ್ಪ್ರಿಂಗ್, ಕನೆಕ್ಟಿಂಗ್ ರಾಡ್, ಗೇರ್, ವಾಹನಗಳ ಲೀಫ್ ಸ್ಪ್ರಿಂಗ್ ಇವಕ್ಕೆ ಪೀನಿಂಗ್ ಮಾಡುವುದು ಇದೇ ಕಾರಣಕ್ಕೆ. ಆದರೆ ಈಗಾಗಲೇ ಬಿಟ್ಟ ಬಿರುಕನ್ನು ಪೀನಿಂಗ್ ಮುಚ್ಚಲಾರದು.

ಜೀಪಿನ ಸ್ಪ್ರಿಂಗ್ ಪ್ಲೇಟಿನ ಮಾತು

ಬೆಳೆಗಾರರು ಮುಖ್ಯವಾಗಿ ಗಮನಿಸಬೇಕಾದ ವಿಷಯವಿದು. ಕುಯಿಲಿನ ಕಾಲದಲ್ಲಿ ಹಣ್ಣಿನ ಮೂಟೆ, ಗೊಬ್ಬರ, ಮೈಲುತುತ್ತು, ಆಳುಗಳು ಎಲ್ಲವೂ ಅದೇ ಜೀಪಿನಲ್ಲಿ, ಅದೇ ಹೊಂಡದ ರಸ್ತೆಯಲ್ಲಿ ಹೋಗಬೇಕು. ಪ್ಲೇಟಿನ ಒಳಬಾಗಿದ ಮೇಲ್ಭಾಗ ಪ್ರತಿ ಹೊಂಡಕ್ಕೂ ಎಳೆತಕ್ಕೆ ಸಿಕ್ಕುತ್ತದೆ. ಕಾರ್ಖಾನೆಯಲ್ಲಿ ಚರೆ ಬಡಿಸುವುದು ಆ ಮೈಗೇ.

ಪ್ಲೇಟು ತಗ್ಗಿದಾಗ ಅದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿಕೊಡುವ ಪದ್ಧತಿ ಅನೇಕ ಕಡೆ ಇದೆ. ಹೀಗೆ ಕಾಯಿಸಿದರೆ ಎರಡು ನಷ್ಟ. ಮೊದಲನೆಯದಾಗಿ, ಉಕ್ಕಿನ ಹದ ಹೋಗುತ್ತದೆ. ಎರಡನೆಯದಾಗಿ, ಪೀನಿಂಗಿನಿಂದ ಬಂದಿದ್ದ ಅದುಮು ಸಂಪೂರ್ಣವಾಗಿ ಸಡಿಲಗೊಳ್ಳುತ್ತದೆ. ಪ್ಲೇಟು ನೋಡಲು ಹೊಸದರಂತೆ ಬಾಗಿರುತ್ತದೆ, ಆದರೆ ಅದರ ರಕ್ಷಣೆ ಹೋಗಿರುತ್ತದೆ. ಅದರ ಮೇಲೆ ಬ್ಲಾಸ್ಟಿಂಗ್ ಮಾಡಿಸಿ ಬಣ್ಣ ಹೊಡೆಸಿದರೆ ಹೋದ ಬಲ ಬರುವುದಿಲ್ಲ. ಮೂಲೆಯ ನುಚ್ಚಿನಿಂದ ಹೊಡೆದಿದ್ದರೆ ಅದರ ಚೂಪಾದ ಕಚ್ಚುಗಳೇ ಹೊಸ ಬಿರುಕಿಗೆ ಮೊಳಕೆಯಾಗಬಹುದು. ಅಳತೆಯಿಲ್ಲದೆ ಮಾಡಿದ ಪೀನಿಂಗೂ ಅಷ್ಟೆ. ಚರೆ ಬೀಳದೆ ಬಿಟ್ಟುಹೋದ ಜಾಗದಲ್ಲಿ ಬಿರುಕು ಹುಟ್ಟುತ್ತದೆ, ಅತಿಯಾಗಿ ಬಿದ್ದರೆ ಮೇಲ್ಮೈ ಚಕ್ಕೆ ಏಳುತ್ತದೆ.

ಘಾಟಿಯ ಇಳಿಜಾರಿನಲ್ಲಿ ಮೇನ್ ಪ್ಲೇಟು ತುಂಡಾದರೆ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ, ಸ್ಟಿಯರಿಂಗ್ ಚಾಲಕನ ಮಾತು ಕೇಳುವುದಿಲ್ಲ. ಹಿಂದೆ ಕುಳಿತ ಆಳುಗಳ ಜೀವ ಆ ಒಂದು ಪ್ಲೇಟಿನ ಮೇಲಿರುತ್ತದೆ. ಆದಕಾರಣ ತಗ್ಗಿದ ಅಥವಾ ಮುರಿದ ಮೇನ್ ಪ್ಲೇಟನ್ನು ಕಾಯಿಸಿ ಬಾಗಿಸದೆ, ವೆಲ್ಡಿಂಗ್ ಮಾಡಿಸದೆ, ಒಳ್ಳೆಯ ತಯಾರಕರ ಹೊಸ ಪ್ಲೇಟನ್ನೇ ಹಾಕಿಸುವುದು ಕ್ಷೇಮ.

ಮುರಿದ ಪ್ಲೇಟನ್ನು ಬಿಸಾಡುವ ಮುನ್ನ ಮುರಿದ ಜಾಗವನ್ನು ನೋಡಿ. ಒಂದು ಅಂಚಿನಲ್ಲಿ ನಯವಾಗಿ, ಕಂದು ಹಿಡಿದ ಭಾಗವೂ ಉಳಿದೆಡೆ ಕಾಳುಕಾಳಾಗಿ ಹೊಳೆಯುವ ಭಾಗವೂ ಕಂಡರೆ, ಬಿರುಕು ಬಹಳ ದಿನಗಳಿಂದ ಒಳಗೆ ನಡೆದು ಬಂದಿತ್ತೆಂದು ತಿಳಿಯಬೇಕು. ಹಾಗಿದ್ದರೆ ಅದೇ ಕಟ್ಟಿನ ಉಳಿದ ಪ್ಲೇಟುಗಳನ್ನೂ ಬಿಚ್ಚಿಸಿ ಪರೀಕ್ಷಿಸಿರಿ.

ಇನ್ನೊಂದು ಮಾತು. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವೆ. ಕೆಂಪು ಲೇಪ ಬಂದರೆ ಸುಣ್ಣ ಸಾಲದು ಎನ್ನುತ್ತೇವೆ. ಆ ಕೆಂಪು ತಾಮ್ರವೇ. ಅಷ್ಟು ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ಹೋಗಿರಬೇಕು. ಸುಣ್ಣ ಬೆರೆಸದ ಮೈಲುತುತ್ತಿನ ನೀರು ಜೀಪಿನಲ್ಲಿ ಚೆಲ್ಲಿ ಸ್ಪ್ರಿಂಗಿಗೆ ಇಳಿದರೂ ಇದೇ ನಡೆಯುತ್ತದೆ. ಸಣ್ಣ ಕುಳಿಗಳಾಗಿ ಪೀನಿಂಗ್ ಮಾಡಿದ ತೆಳು ಪದರ ಸವೆಯುತ್ತದೆ. ಔಷಧಿ ಸಾಗಿಸಿದ ದಿನವೇ ಜೀಪಿನ ಅಡಿಭಾಗವನ್ನು ಧಾರಾಳವಾಗಿ ನೀರು ಹಾಕಿ ತೊಳೆಸಿರಿ.

ಮರಳು ಬೇಡವೇ ಬೇಡ

ಹೊಳೆಯ ಮರಳು ಹತ್ತಿರದಲ್ಲೇ ಸಿಗುವುದರಿಂದ ಅದನ್ನೇ ಬ್ಲಾಸ್ಟಿಂಗಿಗೆ ಬಳಸಿದರೆ ಅಗ್ಗವೆಂದು ತೋರಬಹುದು. ಮರಳಿನ ಬಹುಪಾಲು ಬೆಣಚು ಕಲ್ಲಿನ ಕಾಳು, ಎಂದರೆ ಸಿಲಿಕಾ. ಲೋಹಕ್ಕೆ ಬಡಿದಾಗ ಅದು ಪುಡಿಪುಡಿಯಾಗಿ ಕಣ್ಣಿಗೆ ಕಾಣದ ಧೂಳಾಗುತ್ತದೆ. ಈ ಧೂಳು ಉಸಿರಿನೊಡನೆ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಗಂಟುಗಳನ್ನು ಉಂಟುಮಾಡುತ್ತದೆ. ಇದೇ ಸಿಲಿಕೋಸಿಸ್ ರೋಗ. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು, ಕ್ಷಯ ತಗಲುವ ಸಂಭವವೂ ಹೆಚ್ಚುತ್ತದೆ.

ನಮ್ಮ ನಾಡಿಗೆ ಈ ರೋಗ ಹೊಸದಲ್ಲ. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ 1930ರ ದಶಕದಲ್ಲಿಯೇ ಇದನ್ನು ಗುರುತಿಸಲಾಗಿತ್ತು. 1948ರ ಕಾರ್ಖಾನೆ ಕಾಯಿದೆಯು ಸಿಲಿಕೋಸಿಸನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಬ್ರಿಟನ್ನಿನಲ್ಲಿ ಎರಕದ ವಸ್ತುಗಳನ್ನು ಮರಳಿನಿಂದ ಬ್ಲಾಸ್ಟ್ ಮಾಡುವುದನ್ನು 1949ರ ನಿಯಮಗಳಲ್ಲಿ ನಿಷೇಧಿಸಲಾಯಿತು. ಟರ್ಕಿ ದೇಶದಲ್ಲಿ ಜೀನ್ಸ್ ಬಟ್ಟೆಗೆ ಹಳತಾದ ಬಣ್ಣ ಬರಿಸಲು ಮರಳು ಎರಚುತ್ತಿದ್ದ ಹುಡುಗರು ಕೆಲವೇ ವರ್ಷಗಳಲ್ಲಿ ಈ ರೋಗಕ್ಕೆ ತುತ್ತಾದರು. ಅಲ್ಲಿನ ಸರ್ಕಾರ 2009ರಲ್ಲಿ ಆ ಕೆಲಸವನ್ನು ನಿಷೇಧಿಸಿತು.

ಮುಖಕ್ಕೆ ಟವೆಲು ಕಟ್ಟಿಕೊಂಡರೆ ಈ ಧೂಳು ನಿಲ್ಲುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒಳಬಿಡುವ ಶಿರಸ್ತ್ರಾಣವೇ ಬೇಕು. ಕೆಲಸಗಾರ ನಮ್ಮ ತೋಟದವನಾಗಿರಲಿ, ಗುತ್ತಿಗೆದಾರನ ಕಡೆಯವನಾಗಿರಲಿ, ನಮ್ಮ ಕಬ್ಬಿಣ ಹೊಳೆಯಲೆಂದು ಅವನ ಪುಪ್ಪುಸ ಹಾಳಾಗಬಾರದು.

ಕೆಲಸ ಮಾಡಿಸುವಾಗ ಗಮನಿಸಬೇಕಾದ ಅಂಶಗಳು

1. ಯಾವ ಕಾಳು ಬಳಸುತ್ತಾರೆಂದು ಮೊದಲೇ ಕೇಳಿ. ಮರಳು ಎಂದರೆ ಕೆಲಸ ಒಪ್ಪಿಸಬೇಡಿ.

2. ಎಣ್ಣೆ, ಗ್ರೀಸ್ ಇದ್ದರೆ ಮುಂಚೆಯೇ ತೊಳೆಸಬೇಕು. ಇಲ್ಲವಾದರೆ ಕಾಳು ಎಣ್ಣೆಯನ್ನು ಕಚ್ಚಿನೊಳಗೆ ತುಂಬುತ್ತದೆ.

3. ಕಂಪ್ರೆಸರಿನ ಗಾಳಿಯಲ್ಲಿ ನೀರು, ಎಣ್ಣೆ ಇರಬಾರದು. ಕಾಳು ಬಿಡುವ ಮುನ್ನ ಬರಿಯ ಗಾಳಿಯನ್ನು ಬಿಳಿ ಬಟ್ಟೆಯ ಮೇಲೆ ಒಂದೆರಡು ನಿಮಿಷ ಹಾಯಿಸಿ ನೋಡಿ. ಬಟ್ಟೆಗೆ ಕಲೆಯಾಗಲಿ ತೇವವಾಗಲಿ ಆಗಬಾರದು.

4. ಕಾಫಿ ಕುಯಿಲು ಮುಗಿದ ಮೇಲೆ, ಮುಂಗಾರಿಗೆ ಮುಂಚೆ, ಒಣ ಹವೆಯ ದಿನ ಆರಿಸಿಕೊಳ್ಳಿ. ಹೂಮಳೆ ಬಿದ್ದ ಮರುದಿನವೂ ಇಬ್ಬನಿ ಆರದ ಮುಂಜಾನೆಯೂ ತಕ್ಕ ಸಮಯವಲ್ಲ. ಗಾಳಿಯ ತೇವಾಂಶ ಶೇಕಡ 85ಕ್ಕಿಂತ ಕಡಮೆಯಿರಬೇಕು.

5. ಬ್ಲಾಸ್ಟ್ ಆದ ಕಬ್ಬಿಣ ಹಸಿ ಗಾಯದಂತೆ. ಬರಿಗೈಯಿಂದ ಮುಟ್ಟಬಾರದು. ನಾಲ್ಕು ಗಂಟೆಯೊಳಗೆ ಪ್ರೈಮರ್ ಬಳಿಯಬೇಕು. ಸಂಜೆ ಬ್ಲಾಸ್ಟ್ ಮಾಡಿ ಬೆಳಿಗ್ಗೆ ಬಣ್ಣ ಬಳಿದರೆ ನಡುವೆ ತುಕ್ಕು ಕೂತಿರುತ್ತದೆ.

6. ಬಾವಿ, ಕಾಫಿ ಕಣ, ಕೊಟ್ಟಿಗೆಗಳ ಹತ್ತಿರ ಈ ಕೆಲಸ ಕೂಡದು. ಹಳೆಯ ಬಂಗಲೆಗಳ ಕಬ್ಬಿಣಕ್ಕೆ ಸೀಸದ ಬಣ್ಣ ಬಳಿದಿರುವ ಸಂಭವವುಂಟು. ಅದರ ಧೂಳು ವಿಷ.

ಒಬ್ಬೊಬ್ಬರೇ ನಾಲ್ಕು ಆಂಗಲ್ ಹೊತ್ತು ಪೇಟೆಗೆ ಹೋದರೆ ಸಾಗಣೆಯೇ ಭಾರವಾಗುತ್ತದೆ. ನೆರೆಯ ನಾಲ್ಕಾರು ತೋಟದವರು ಸೇರಿ, ಒಂದೇ ಲಾರಿಯಲ್ಲಿ ಸಾಮಾನು ಕಳುಹಿಸಿ, ಮುಚ್ಚಿದ ಕೋಣೆಯಲ್ಲಿ ಉಕ್ಕಿನ ಕಾಳಿನಿಂದ ಬ್ಲಾಸ್ಟ್ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿಸಿಕೊಂಡು, ಅಲ್ಲೇ ಪ್ರೈಮರ್ ಬಳಿಸಿ ತರುವುದು ಲೇಸು. ಹೀಗೆ ಒಟ್ಟಿಗೆ ಹೋದಾಗ ದರದಲ್ಲಿಯೂ ಗುಣದಲ್ಲಿಯೂ ಖಚಿತವಾಗಿ ಮಾತಾಡಲು ಅನುಕೂಲ.

ಟ್ರಸ್ಸು, ಟ್ಯಾಂಕುಗಳಿಗೆ ಬ್ಲಾಸ್ಟಿಂಗ್ ಮಾಡಿಸಿ, ಅದು ಲಾಭದ ಕೆಲಸ. ಸ್ಪ್ರಿಂಗ್ ಪ್ಲೇಟಿನ ವಿಷಯದಲ್ಲಿ ಮಾತ್ರ ಕಾರ್ಖಾನೆ ಕೊಟ್ಟ ಬಲವನ್ನು ಕುಲುಮೆಯಲ್ಲಿ ಕಳೆದುಕೊಳ್ಳಬೇಡಿ. ಮುಂದಿನ ಕುಯಿಲಿಗೆ ಜೀಪನ್ನು ಅಣಿಮಾಡುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಅಡಿಭಾಗಕ್ಕೆ ಬ್ಯಾಟರಿ ದೀಪ ಹಿಡಿದು ಪ್ಲೇಟುಗಳನ್ನು ಒಂದೊಂದಾಗಿ ನೋಡಿರಿ.